ಅಪ್‌ಡೇಟ್: ಹಳೇ ಲೇತ್‌ನ ಟೇಪರ್ ಹೋಯಿತು, ತಪ್ಪು ಬೇರಿಂಗ್‌ದಲ್ಲ

ಮಂಡ್ಯದ ಆಲೆಮನೆ ರಿಪೇರಿ ಶೆಡ್ಡಿನ ಆರಡಿ ಬೆಲ್ಟ್ ಲೇತ್‌ನಲ್ಲಿ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) 150 ಮಿ.ಮೀ. ಉದ್ದಕ್ಕೆ 0.09 ಮಿ.ಮೀ. ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬರುತ್ತಿದೆ, ಹೆಡ್‌ಸ್ಟಾಕ್ (ಸ್ಪಿಂಡಲ್, ಅಂದರೆ ತಿರುಗುವ ದಂಡ, ಬೇರಿಂಗ್‌ನಲ್ಲಿ ಕೂತಿರುವ ಭಾಗ) ಬಿಚ್ಚಬೇಕೇ ಅಂತ ಕೇಳಿದ್ದೆ. ಪೂರ್ತಿ ಬಿಚ್ಚಬೇಕಾಗಲಿಲ್ಲ.

ಸ್ಪಿಂಡಲ್ ತುದಿಯ ಚಕ್‌ಗೆ (ತುಂಡು ಹಿಡಿಯುವ ಹಿಡಿ) ರಾಡ್ ಕಚ್ಚಿಸಿ ಮೇಲಕ್ಕೆ ಮೀಟಿದಾಗ ಡಯಲ್ ಗೇಜ್ 0.08 ಮಿ.ಮೀ. ಅಲುಗಾಟ ತೋರಿಸಿತು. ಕಂಚಿನ ಬೇರಿಂಗ್ ಕ್ಯಾಪ್‌ನ ಎರಡೂ ಬದಿಯಿಂದ 0.05ರ ಶಿಮ್ (ತೆಳು ತಗಡು) ಒಂದೊಂದು ತೆಗೆದ ಮೇಲೆ 0.03. (ಒಂದೇ ಬದಿ ತೆಗೆದರೆ ಕ್ಯಾಪ್ ಓರೆಯಾಗಿ ಕೂತು ಬೇರಿಂಗ್ ಬಿಸಿಯಾಗುತ್ತೆ.) ಚ್ಯಾಟರ್ (ಕಟ್ ಕೊಡುವಾಗಿನ ನಡುಕ) ನಿಂತಿತು, ಟೇಪರ್ ಮಾತ್ರ ಹಾಗೇ ಇತ್ತು.

ಅಸಲಿ ರೋಗ ಬೆಡ್ (ಟೂಲ್ ಉದ್ದಕ್ಕೆ ಜಾರುವ ತಳ) ತಿರುಚಿಕೊಂಡಿದ್ದು. 40 ಮಿ.ಮೀ. ರಾಡ್‌ನಲ್ಲಿ 150 ಮಿ.ಮೀ. ಅಂತರಕ್ಕೆ ಎರಡು ಕಾಲರ್ (ಬಳೆಯಂಥ ದಪ್ಪ ಭಾಗ) ಬಿಟ್ಟು, ನಡುವೆ ತಗ್ಗಿಸಿ, ಟೇಲ್‌ಸ್ಟಾಕ್ (ಚಕ್‌ಗೆ ಎದುರು ತುದಿಯ ಆಧಾರ) ಆಸರೆಯಿಲ್ಲದೆ ಎರಡಕ್ಕೂ ಒಂದೇ ಸೆಟ್ಟಿಂಗ್‌ನಲ್ಲಿ 0.1ರ ಕಟ್ ಕೊಟ್ಟು ಮೈಕ್ರೋಮೀಟರ್‌ನಲ್ಲಿ ಅಳೆದೆ. ಚಕ್‌ನಿಂದ ದೂರದ ಕಾಲರ್ ದಪ್ಪ. ಅಂದರೆ ಅಲ್ಲಿ ಟೂಲ್ ನಮ್ಮ ಕಡೆಗೆ ವಾಲುತ್ತಿದೆ. ಟೇಲ್‌ಸ್ಟಾಕ್ ತುದಿಯ ಮುಂಗಾಲು ಎತ್ತಬೇಕು. ಹಿತ್ತಾಳೆ ಶಿಮ್ 0.1ರಂತೆ ಸೇರಿಸುತ್ತಾ 0.4ಕ್ಕೆ ಬಂದಾಗ ವ್ಯತ್ಯಾಸ 0.01. ಪ್ರತಿ ಸಲ ಬೋಲ್ಟ್ ಬಿಗಿ ಮಾಡಿಯೇ ಕಟ್ ಕೊಡಿ, ಸಡಿಲ ಬಿಟ್ಟ ಅಳತೆ ಸುಳ್ಳು ಹೇಳುತ್ತೆ.

ಕ್ರಾಸ್‌ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ನಟ್‌ನ ಬ್ಯಾಕ್‌ಲ್ಯಾಶ್, ಅಂದರೆ ಸಡಿಲ, ಸರಿಪಡಿಸುವುದು ಇನ್ನೂ ಬಾಕಿ. ಸ್ಪಿಂಡಲ್‌ಗೆ ವಿಜಿ 32 (ವಿಜಿ ಅಂದರೆ ಎಣ್ಣೆಯ ಮಂದತೆಯ ದರ್ಜೆ), ಬೆಡ್‌ಗೆ ವಿಜಿ 68 ಎಣ್ಣೆ ಹಾಕಿದ್ದೇನೆ.