ಮೊಣಕೈ ಆರ್ತ್ರೋಸ್ಕೋಪಿಗೆ ಮಂಡಿ ಸೆಟ್ ಇಟ್ಟರೆ ಸಾಕಾ?

ಓಟಿ ಟ್ರೈನಿ:
ಮಂಡಿ ಆರ್ತ್ರೋಸ್ಕೋಪಿಗೆ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಕೀಲೊಳಗೆ ಮಾಡುವ ಆಪರೇಷನ್) ಟ್ರೇ ಜೋಡಿಸಿ ಅಭ್ಯಾಸವಾಗಿದೆ. ಮುಂದಿನ ವಾರ ಮೊದಲ ಸಲ ಮೊಣಕೈ ಕೇಸ್ ಇದೆ. ಕೀಲೊಳಗೆ ಓಡಾಡುತ್ತಿರುವ ಮೂಳೆ ಚೂರು ತೆಗೆಯಬೇಕಂತೆ. ಅದೇ ಸೆಟ್ ಸಾಕಾ? ಮೊದಲೇ ಸಲೈನ್ ತುಂಬುತ್ತಾರಂತೆ, ಯಾಕೆ?

ಸ್ಕ್ರಬ್ ಅಕ್ಕ:
ಕ್ಯಾಮೆರಾ, ಶೇವರ್ (ಒಳಗೆ ಕತ್ತರಿಸಿ ಹೀರಿಕೊಳ್ಳುವ ಉಪಕರಣ) ಎಲ್ಲಾ ಅದೇ. ದೊಡ್ಡವರಿಗೆ 4 ಮಿ.ಮೀ., 30 ಡಿಗ್ರಿ ಸ್ಕೋಪ್ (ಒಳಗೆ ನೋಡುವ ಕೊಳವೆ) ನಡೆಯುತ್ತದೆ. 2.7 ಮಿ.ಮೀ. ಸ್ಕೋಪನ್ನೂ ಸ್ಟೆರೈಲ್ ಮಾಡಿಸಿ ಇಟ್ಟಿರಿ, ಇಕ್ಕಟ್ಟಾದ ಜಾಗಕ್ಕೆ ಕೇಳುತ್ತಾರೆ. ಆದರೆ ಮೊಣಕೈಯಲ್ಲಿ ನರಗಳು ಕೀಲಿಗೆ ತೀರಾ ಹತ್ತಿರ. ಟ್ರೇ ಜೋಡಿಸುವಾಗ ಅದೊಂದು ತಲೆಯಲ್ಲಿರಲಿ.

ಮೊದಲು ಕೈಗೆ ಸಿಗಬೇಕಾದ್ದು ಸ್ಕಿನ್ ಮಾರ್ಕರ್. ನೀರು ಹೋಗಿ ಊತ ಬಂದ ಮೇಲೆ ಮೂಳೆ ಬೆರಳಿಗೆ ಸರಿಯಾಗಿ ಸಿಗಲ್ಲ. ಹಾಗಾಗಿ ಮುಂಚೆಯೇ ಮೊಣಕೈ ಒಳಮಗ್ಗುಲಲ್ಲಿ ಹಾದುಹೋಗುವ ಅಲ್ನರ್ ನರದ ದಾರಿ ಚರ್ಮದ ಮೇಲೆ ಬರೆಯುತ್ತಾರೆ. ಕೈ ಮಡಚಿದಾಗ ಆ ನರ ಜಾಗ ಬಿಟ್ಟು ಜಾರುತ್ತದಾ ಅಂತಲೂ ಮುಟ್ಟಿ ನೋಡುತ್ತಾರೆ.

ಆಮೇಲೆ 18 ಗೇಜ್ ಸೂಜಿ, ಸಲೈನ್ ತುಂಬಿದ ಸಿರಿಂಜ್. ಹೊರಮಗ್ಗುಲಲ್ಲಿ ಮೂಳೆಗಳ ನಡುವೆ ಮೆತ್ತಗಿರುವ ಜಾಗ, ಅಂದರೆ ಸಾಫ್ಟ್ ಸ್ಪಾಟ್‌ನಿಂದ 20–30 ಎಂಎಲ್ ಹಾಕುತ್ತಾರೆ. ಕೈ 90 ಡಿಗ್ರಿ ಮಡಚಿರುತ್ತದೆ. ಕೀಲು ಉಬ್ಬಿದಾಗ ಮುಂದಿನ ನರಗಳು ಮೂಳೆಯಿಂದ ದೂರ ಸರಿಯುತ್ತವೆ. ಸಿರಿಂಜ್ ಬಿಚ್ಚಿದಾಗ ಸೂಜಿಯಿಂದ ನೀರು ವಾಪಸ್ ಚಿಮ್ಮಿದರೆ ಸೂಜಿ ಕೀಲೊಳಗೇ ಇದೆ ಅಂತ ಅರ್ಥ.

11 ನಂಬರ್ ಬ್ಲೇಡ್ ಚರ್ಮಕ್ಕೆ ಮಾತ್ರ. ಅದರ ಹಿಂದೆಯೇ ಮಸ್ಕಿಟೋ ಫೋರ್ಸೆಪ್ಸ್ (ಸಣ್ಣ ಮೊಂಡು ಚಿಮಟ) ಕೊಡಿ, ಒಳಗೆಲ್ಲ ಬಿಡಿಸಿಕೊಂಡು ಹೋಗುವುದು ಅದರಲ್ಲೇ. ಚೂಪು ಟ್ರೋಕಾರ್ (ಕೊಳವೆಯನ್ನು ಒಳಗೆ ತೂರಿಸುವ ಕಡ್ಡಿ) ಟ್ರೇಯಲ್ಲಿ ಇರಲೇಬಾರದು, ನರಕ್ಕೆ ತಗುಲೀತು. ಇದನ್ನು ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ.

ಇನ್ನೊಂದು. ಪಕ್ಕದಲ್ಲಿ ತೂತಿರುವ ಕ್ಯಾನುಲಾ (ಸ್ಕೋಪ್, ನೀರು ಹೋಗುವ ಕೊಳವೆ) ಬೇಡ. ಇಲ್ಲಿ ಕೀಲು ಚರ್ಮಕ್ಕೆ ತುಂಬಾ ಹತ್ತಿರ. ತುದಿ ಒಳಗಿದ್ದರೂ ತೂತು ಹೊರಗೇ ಉಳಿದು, ನೀರೆಲ್ಲ ಚರ್ಮದಡಿ ಸೋರಿ ಕೈ ಊದಿಕೊಳ್ಳುತ್ತದೆ. ಪಂಪ್ ಪ್ರೆಷರ್ ಕೂಡ ಜಾಸ್ತಿ ಬೇಡ.

ಆರ್ಥೋ ಪಿಜಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಲೈನ್ ತುಂಬಿದರೆ ನರ ಮೂಳೆಯಿಂದ ದೂರ ಹೋಗುತ್ತದೆ, ಕ್ಯಾಪ್ಸೂಲ್‌ನಿಂದ (ಕೀಲನ್ನು ಸುತ್ತಿರುವ ಪೊರೆ) ಅಲ್ಲ. ಶೇವರ್ ಬಾಯಿ ಕ್ಯಾಪ್ಸೂಲ್ ಕಡೆ ತಿರುಗಿ ಸಕ್ಷನ್ ಜೋರಾಗಿದ್ದರೆ ಅಪಾಯವೇ. ಕ್ಯಾಪ್ಸೂಲನ್ನು ಒಳಗಿಂದ ದೂರ ಹಿಡಿಯಲು ರಿಟ್ರಾಕ್ಟರ್ ಇಟ್ಟಿರಿ. ಆರ್ತ್ರೋಸ್ಕೋಪಿ ಮಾಡಿ ನೋಡಿದ ಮೊದಲಿಗರಲ್ಲಿ ಒಬ್ಬರಾದ ಬರ್ಮನ್ ಅವರು 1931ರಲ್ಲಿ ಮೊಣಕೈ ಈ ಪರೀಕ್ಷೆಗೆ ಒಗ್ಗುವುದಿಲ್ಲ ಅಂದಿದ್ದರು. ಜಾಗ ಅಷ್ಟು ಕಿರಿದು.

ಓಟಿ ಟ್ರೈನಿ:
ಚೂರು ನೀರಲ್ಲಿ ಜಾರಿ ಹೋದರೆ?

ಸ್ಕ್ರಬ್ ಅಕ್ಕ:
ಹೋಗುತ್ತದೆ! ಇನ್‌ಫ್ಲೋ (ಒಳಗೆ ಹೋಗುವ ನೀರು) ನಿಲ್ಲಿಸಲು ಹೇಳುತ್ತಾರೆ, ನಿಮ್ಮ ಕೈ ಅದರ ನಲ್ಲಿಯ ಮೇಲೇ ಇಟ್ಟಿರಿ. ಉದ್ದನೆಯ ಸ್ಪೈನಲ್ ಸೂಜಿಯಿಂದ ಚೂರನ್ನು ಚುಚ್ಚಿ ಹಿಡಿದು, ಗ್ರಾಸ್ಪರ್‌ನಲ್ಲಿ (ಹಿಡಿದೆಳೆಯುವ ಚಿಮಟ) ಎಳೆಯುತ್ತಾರೆ. ಹಲ್ಲಿರುವ ಗ್ರಾಸ್ಪರ್ ಇಡಿ. ಚೂರು ದೊಡ್ಡದಿದ್ದರೆ ಸುಮ್ನೆ ಎಳೆದಾಡಲ್ಲ, ಚರ್ಮದ ತೂತನ್ನೇ ಸ್ವಲ್ಪ ಅಗಲ ಮಾಡುತ್ತಾರೆ. ಬ್ಲೇಡ್ ಎತ್ತಿಡಬೇಡಿ.