ತಾರಸಿ ಸೋರಿಕೆ: ವಿಡಿಯೋ ನೋಡಿ ಬಿಳಿ ಸಿಮೆಂಟ್ ಬಳಿದವರು ಯಾರಾದ್ರೂ ಇದ್ದೀರಾ?

ಹಾಸನದಿಂದ: 18 ವರ್ಷದ ಮನೆ, 900 ಚದರಡಿ ಮೋಲ್ಡ್. ಯುಗಾದಿಗೆ ಬಣ್ಣ ಹೊಡೆಸಿದ್ದೆ. ಮಳೆ ಇನ್ನೂ ಶುರುವೇ ಆಗಿಲ್ಲ, ಮಲಗೋ ಕೋಣೆ ಸೀಲಿಂಗಲ್ಲಿ ಆಗಲೇ ತಟ್ಟೆಯಗಲ ಕಲೆ. ಬಿಳಿ ಸಿಮೆಂಟಿಗೆ ಮರಗೆಲಸದ ಗೋಂದು ಕಲಸಿ ತಾರಸಿಗೆ ಬಳಿದರೆ 2,000 ರೂಪಾಯಲ್ಲಿ ಮುಗೀತು ಅಂತ ಒಂದು ವಿಡಿಯೋ. ಮಾಡಿದವರು ಹೇಳಿ. ಮನೆಯವಳು ಬೇಡ ಅಂತಿದ್ದಾಳೆ.

ಬೆಂಗಳೂರಿನಿಂದ: ಮಾಡಿದ್ದೀನಿ, ಕೇಳಿ. 14 ಕೆಜಿ ಬಿಳಿ ಸಿಮೆಂಟ್, 6 ಕೆಜಿ ಗೋಂದು, ಎರಡು ಬ್ರಷ್, ಒಟ್ಟು 3,860 ರೂಪಾಯಿ. ಎರಡು ಭಾನುವಾರ ಮಂಡಿಯೂರಿ ಪಾಚಿ ಉಜ್ಜಿದೆ. ಬಳಿದ ದಿನ ತಾರಸಿ ಹಾಲು ಚೆಲ್ಲಿದ ಹಾಗಿತ್ತು, ಪಕ್ಕದ ಮನೆಯವರು ಬಂದು ಫೋಟೋ ಹೊಡ್ಕೊಂಡು ಹೋದ್ರು. ಮೇ ತಿಂಗಳ ಮೊದಲ ಮಳೆಗೆ ನೀರು ನಿಂತ ಕಡೆಯೆಲ್ಲ ಮೆತ್ತಗಾಗಿ ಚಪ್ಪಲಿಗೆ ಮೊಸರಿನ ಹಾಗೆ ಅಂಟಿ ಬಂತು. ಆ ಗೋಂದು ಮರಕ್ಕೆ ಸರಿ, ನಿಂತ ನೀರಲ್ಲಿ ಮತ್ತೆ ಕರಗುತ್ತೆ. ಕರಗಿದ್ದು ಮಳೆನೀರಿನ ಪೈಪಿನ ತಿರುವಲ್ಲಿ ಗಟ್ಟಿಯಾಗಿ ಕೂತಿತು. ಪ್ಲಂಬರ್‌ಗೆ 1,200, ಕೆರೆದು ತೆಗೆಸೋಕೆ 7,500. ಕೊನೆಗೆ ಫೈಬರ್ ಜಾಲರಿ ಹಾಕಿ ನೀರು ತಡೆಯೋ ಅಕ್ರಿಲಿಕ್ ಬಣ್ಣ ಮೂರು ಕೋಟ್, 31,000. ವಿಡಿಯೋದವನು ಬಿಸಿಲಲ್ಲಿ ಬಳಿದು ಬಿಸಿಲಲ್ಲೇ ತೋರಿಸಿದ್ದ. ಮಳೆಗಾಲದ ವಿಡಿಯೋ ಎಲ್ಲಿ ಅಂತ ಕೇಳಿದ್ದಕ್ಕೆ ಬ್ಲಾಕ್ ಮಾಡಿದ.

ಮೈಸೂರಿನಿಂದ: ನಮ್ಮದು ತೊಲೆಯ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ. ಸಿಮೆಂಟಿನ ಸಹವಾಸವೇ ಬೇಡ ಎಂದು ಇನ್ನೊಂದು ವಿಡಿಯೋ ನೋಡಿ ಸುಣ್ಣ, ಬೆಲ್ಲ, ಅಳಲೆಕಾಯಿ ನೀರು ಕಲಸಿದೆವು. ನಮ್ಮ ತಾತನ ಕಾಲದಲ್ಲಿ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ವಿಡಿಯೋದಲ್ಲಿ ಒಂದು ದಿನ ಸಾಕು ಅಂದಿದ್ದ. ನಾನು, ಅಳಿಯ ಅರ್ಧ ದಿನ ಬಡಿದೆವು, ಅಷ್ಟಕ್ಕೇ ಅಳಿಯನ ಸೊಂಟ ಹಿಡಿಯಿತು. ವಾರಕ್ಕೆ ಇರುವೆ ಸಾಲು. ಈಗಲೂ ಒಂದು ಮೂಲೆ ಸೋರುತ್ತದೆ, ಆದರೆ ಕೋಣೆ ತಂಪಾಗಿದೆ. ವಿಧಾನದಲ್ಲಿ ತಪ್ಪಿಲ್ಲ.

ಬೆಂಗಳೂರಿನಿಂದ: ಸರ್, ಹಾಸನದವರದು ಆರ್‌ಸಿಸಿ, ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿದ ಮೋಲ್ಡ್. ಬೆಲ್ಲದ ಕಥೆ ಹೇಳಿ ಇನ್ನೊಬ್ಬರ ಮನೆ ಹಾಳು ಮಾಡಬೇಡಿ.

ಮೈಸೂರಿನಿಂದ: ಗೋಂದು ಬಳಿದವರಿಂದ ಬುದ್ಧಿ ಹೇಳಿಸಿಕೊಳ್ಳುವ ಗತಿ ನನಗೆ ಬಂದಿಲ್ಲ.

ಸಾಗರದಿಂದ: ಇದೆಲ್ಲ ಯಾಕೆ ಮಾರಾಯ್ರೆ? ಮೂರು ಸಲ ಕೆಮಿಕಲ್ ಬಳಿಸಿ 64,000 ಕಳ್ಕೊಂಡು ಕೊನೆಗೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದೆಸಿದೆ. 1,85,000 ಆಯ್ತು. ಕೆಳಗೆ ಬಟ್ಟೆ ಒಣಗ್ತದೆ, ಅಡಿಕೆ ಒಣಗ್ತದೆ. ನಮ್ಮ ಮಳೆಗೆ ಬೇರೆ ದಾರಿಯಿಲ್ಲ.

ಮಂಗಳೂರಿನಿಂದ: ನಮ್ಮಲ್ಲಿ ಉಪ್ಪುಗಾಳಿ ಉಂಟಲ್ಲ, ಆರೇ ವರ್ಷಕ್ಕೆ ಬೋಲ್ಟಿನ ಸುತ್ತ ತುಕ್ಕು ತಿಂದು ಹೋಯ್ತು. ಒಂದು ರಾತ್ರಿ ಗಾಳಿಗೆ ಎರಡು ಶೀಟ್ ಎದ್ದು ಪಕ್ಕದವರ ತೆಂಗಿನ ಮರಕ್ಕೆ! ಮರದ ಲೆಕ್ಕ ಬೇರೆ ಕೊಟ್ಟೆ. ಶೀಟ್ ಹಾಕುವುದೆಂದರೆ ಸೋತೆ ಅಂತ ಬೋರ್ಡ್ ಹಾಕಿದ ಹಾಗೆ.

ಸಾಗರದಿಂದ: ಸೋತದ್ದು ನಿಮ್ಮ ಬೋಲ್ಟು. ವಾಷರ್ ಹಾಕಿಸಿದ್ರಾ?

ಹುಬ್ಬಳ್ಳಿಯಿಂದ: ನಮ್ಮಪ್ಪ ಗೌಂಡಿ, ನಾನೂ ಅದ ಕೆಲಸದಾಗ ಅದೀನ್ರಿ. ಇಳಿಜಾರ ಇಲ್ಲದ ಮಾಳಿಗಿಗೆ ಬಂಗಾರ ಬಳದ್ರೂ ನೀರು ನಿಲ್ಲತೈತಿ. 100 ಅಡಿಗೆ 1 ಅಡಿಯಾದ್ರೂ ಬೇಕು. ವಿಡಿಯೋದಾಗ ಯಾರೂ ಪೈಪಿನ ಬಾಯಿ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿವಸ ಕಾದು, ಸೋರತೈತೋ ಇಲ್ಲೋ ಅಂತ ತೋರಸೂದಿಲ್ಲ. ಹಾಸನದವರ, ಮಳೀನ ಬಂದಿಲ್ಲ ಅಂತೀರಿ, ಮತ್ತ ಕಲೆ ಎಲ್ಲಿಂದ ಬಂತು? ಮ್ಯಾಲೆ ಏನೈತಿ ನೋಡ್ರಿ ಮೊದಲು.

ಬೆಂಗಳೂರಿನಿಂದ: ಇಳಿಜಾರು ಕೊಡದೇ ಹೋದದ್ದು ನಿಮ್ಮಂಥ ಮೇಸ್ತ್ರಿಗಳೇ ಅಲ್ವಾ?

ಹುಬ್ಬಳ್ಳಿಯಿಂದ: ಚದರಡಿಗೆ ಹತ್ತು ರೂಪಾಯಿ ಕಡಿಮಿ ಮಾಡು ಅಂತ ಗಂಟು ಬೀಳೋರು ಯಾರ್ರಿ?

ಹಾಸನದಿಂದ: ಈಗ ಮೇಲೆ ಹೋಗಿ ನೋಡಿ ಬಂದೆ. ಕಲೆಯ ನೇರ ಮೇಲೆ ನೀರಿನ ಟ್ಯಾಂಕ್. ವಾಲ್ವ್ ಕೆಟ್ಟು ದಿನಾ ತುಂಬಿ ಹರೀತಿದೆ, ಬುಡದಲ್ಲಿ ಪಾಚಿ. ವಾಲ್ವ್ ಬದಲಾಯಿಸಿದ್ರೆ ಸಾಕಾ, ಟ್ಯಾಂಕ್ ಎತ್ತಿಸಬೇಕಾ?

ಮಂಗಳೂರಿನಿಂದ: ರಬ್ಬರ್ ವಾಷರೇ ಹಾಕಿಸಿದ್ದೆ. ಬಿಲ್ ಉಂಟು, ಬೇಕಾದರೆ ತೋರಿಸ್ತೇನೆ.

ಸಾಗರದಿಂದ: ತೋರಿಸಿ.