ಬ್ಯಾಕ್‌ಗ್ಯಾಮನ್ ನಡೆ ಬರೆಯೋದು: ಭಾವನ ಚೀಟಿಯಲ್ಲಿ ತಪ್ಪಿದ್ದೆಲ್ಲಿ?

ಪ್ರಶ್ನೆ: ನಮಸ್ಕಾರ ಮೇಡಂ, ನಾಪೋಕ್ಲು ಕಡೆಯವನು. ಮಳೆಗೆ ಮೂರು ದಿನದಿಂದ ಕರೆಂಟಿಲ್ಲ, ತೋಟಕ್ಕೂ ಇಳಿಯೋ ಹಾಗಿಲ್ಲ. ರಾತ್ರಿ ಲಾಟೀನಿಟ್ಕೊಂಡು ಭಾವನ ಜೊತೆ, ದಾಳ ಹಾಕಿ ಹಲಗೆ ಮೇಲೆ ಕಾಯಿ ನಡೆಸೋ ಬ್ಯಾಕ್‌ಗ್ಯಾಮನ್ ಆಡಿದೆ. ಬೆಳಿಗ್ಗೆ ಮತ್ತೆ ಜೋಡಿಸಿ ನೋಡೋಣ ಅಂತ ಭಾವ ಎಲ್ಲಾ ನಡೆ ಬರೆದಿಟ್ಟಿದ್ರು. ಎರಡನೇ ಸಾಲಿಗೇ ಜಗಳ!

ಭಾವ, 61: 13/7 8/7
ನಾನು, 42: 17/21 19/21

ನನ್ನ 17ನೇ ಮನೇಲಿ ಕಾಯಿನೇ ಇರಲಿಲ್ಲ.

ಉತ್ತರ: ಭಾವ ನೋಡಿದ್ದು ಸರಿ, ಎಣಿಸಿದ್ದು ತಪ್ಪು. ನಿಮ್ಮ ಮನೆಗಳನ್ನೂ ತಾವು ಕೂತ ಕಡೆಯಿಂದಲೇ ಎಣಿಸಿಬಿಟ್ಟಿದ್ದಾರೆ. ಮನೆ 24, ಆದರೆ ಒಂದೊಂದಕ್ಕೂ ಎರಡು ನಂಬರು. ಆಡಿದವರು ತಮ್ಮ ಕಾಯಿ ಹಣ್ಣಾಗೋ ತುದಿಯಿಂದ 1, 2 ಅಂತ ಎಣಿಸಬೇಕು. ಒಂದೇ ಮನೆಯ ಎರಡೂ ನಂಬರು ಕೂಡಿದರೆ 25. ಅವರ 17 ನಿಮಗೆ 8, ಅವರ 19 ನಿಮಗೆ 6, 21 ಅಂದರೆ 4. ನಿಮ್ಮ ಸಾಲು ಹೀಗಿರಬೇಕಿತ್ತು:

42: 8/4 6/4

ಮೊದಲು ದಾಳ (42 ಅಂದ್ರೆ ಒಂದರಲ್ಲಿ 4, ಇನ್ನೊಂದರಲ್ಲಿ 2), ಆಮೇಲೆ ಎಲ್ಲಿಂದ, ಎಲ್ಲಿಗೆ. ನಂಬರು ಯಾವಾಗಲೂ ಇಳೀತಾನೇ ಹೋಗಬೇಕು, ಏರಿದ್ರೆ ತಪ್ಪು ಬರೆದಿದ್ದೀರಿ ಅಂತಲೇ ಲೆಕ್ಕ. ನಾನು ಶಿಷ್ಯರ ಹಾಳೆ ತಿದ್ದುವಾಗ ಮೊದಲು ನೋಡೋದೇ ಇದನ್ನ. ಒಂದೇ ಥರ ಎರಡು ಕಾಯಿ ನಡೆದರೆ ಕೊನೆಗೆ (2): 22 ಬಿದ್ದಾಗ 13/11(2) 6/4(2). ಹಣ್ಣಾದ ಕಾಯಿಗೆ 6/ಹೊರಗೆ. ಡಬಲ್ (ಪಂತ ಎರಡು ಪಟ್ಟು) ಕೇಳಿದ್ದು, ಒಪ್ಪಿದ್ದು, ಬಿಟ್ಟದ್ದು ಮಾತಲ್ಲೇ ಬರೆದರೆ ಸಾಕು.

ಪ್ರಶ್ನೆ: ಇನ್ನೊಂದು ಗೊಂದಲ ಮೇಡಂ. ಮುಂದೆ ಭಾವ ‘62: 13/5’ ಅಂತ ಬರೆದಿದ್ದಾರೆ. ಆದರೆ ಆ ನಡೇಲಿ ನನ್ನ ಕಾಯಿ ಕಡಿದಿದ್ರು, ಚೆನ್ನಾಗಿ ನೆನಪಿದೆ.

ಉತ್ತರ: ಅವರ 11ರಲ್ಲಿ ನಿಮ್ಮ ಒಂಟಿ ಕಾಯಿ ಕೂತಿತ್ತಾ? ಹಾಗಾದ್ರೆ ಅದು 13/11*/5. ಕಡಿದದ್ದಕ್ಕೆ ನಕ್ಷತ್ರ ಗುರುತು, ಅದೂ ಕಡಿದ ಮನೆಯ ಪಕ್ಕದಲ್ಲೇ. ದಾರಿ ಮಧ್ಯೆ ಕಡಿದರೆ ಆ ಮನೆ ಬಿಡೋ ಹಾಗಿಲ್ಲ. 13/5* ಅಂದ್ರೆ 5ರಲ್ಲಿ ಕಡಿದರು ಅಂತಾಗುತ್ತೆ. ಇದೊಂದು ಬಿಟ್ಟುಹೋದ್ರೆ ಮುಂದಿನ ಸಾಲುಗಳೆಲ್ಲ ಗೋಜಲು. ಕಡಿಸಿಕೊಂಡ ಕಾಯಿ ಬಾರಿಗೆ, ಅಂದ್ರೆ ಹಲಗೆ ನಡುವಿನ ಪಟ್ಟಿಗೆ ಹೋಗುತ್ತೆ, ಬಾರಿನ ಲೆಕ್ಕ 25. ಆಮೇಲೆ ನಿಮಗೇನು ಬಿತ್ತು?

ಪ್ರಶ್ನೆ: 53! ಐದಕ್ಕೆ ಇಳಿದು ಭಾವನ ಒಂಟಿ ಕಾಯಿ ಕಡಿದೆ, ಮೂರಕ್ಕೆ 13ರಿಂದ 10ಕ್ಕೆ.

ಉತ್ತರ: ಹಾಗಿದ್ರೆ ಬಾರ್/20* 13/10. ಭಾವ ಚೀಟೀಲಿ ಆ ನಕ್ಷತ್ರ ಹಾಕಿದ್ದಾರಾ ನೋಡಿ.

ಪ್ರಶ್ನೆ: ಇಲ್ಲ ಮೇಡಂ. ತಾವು ಕಡಿದದ್ದನ್ನೇ ಬರೆದಿಲ್ಲ, ಕಡಿಸಿಕೊಂಡದ್ದನ್ನ ಬರೀತಾರಾ?